ಎಂಟು ಮಕ್ಕಳ ತಾಯಿಯ ಉಯಿಲು: ಪ್ರಾಚೀನ ಈಜಿಪ್ಟಿನ ಒಂದು ಮನೆಯ ಪ್ರಕರಣ

ಕ್ರಿ.ಪೂ. 1145ರ ಆಸುಪಾಸು. ಐದನೆಯ ರಾಮ್ಸೆಸ್ ಪಟ್ಟಕ್ಕೆ ಬಂದ ಮೂರನೆಯ ವರ್ಷ, ನೈಲ್ ನದಿಯ ನೆರೆಗಾಲದ ನಾಲ್ಕನೆಯ ತಿಂಗಳು, ಐದನೆಯ ದಿನ. ಇಂದಿನ ಲಕ್ಸರ್ ನಗರದ ಎದುರು ದಂಡೆಯ ಗುಡ್ಡಗಳ ನಡುವೆ ಇದ್ದ ಸಣ್ಣ ಊರೊಂದರಲ್ಲಿ ವಯಸ್ಸಾದ ಹೆಂಗಸೊಬ್ಬಳು ನ್ಯಾಯಸಭೆಯ 14 ಮಂದಿಯ ಮುಂದೆ ಬಂದು, ತನ್ನ ಆಸ್ತಿ ಯಾವ ಮಕ್ಕಳಿಗೆ ಸೇರಬೇಕು, ಯಾವ ಮಕ್ಕಳಿಗೆ ಸೇರಬಾರದು ಎಂದು ಹೇಳಿದಳು. ಹೇಳಿದ್ದು ಪಪೈರಸ್ ಮೇಲೆ ದಾಖಲಾಯಿತು. ಆ ಹಾಳೆ ಇವತ್ತಿಗೂ ಉಳಿದಿದೆ, ಆಕ್ಸ್‌ಫರ್ಡ್‌ನ ಆಶ್ಮೋಲಿಯನ್ ಸಂಗ್ರಹಾಲಯದಲ್ಲಿದೆ.

ಈಜಿಪ್ಟ್ ಎಂದರೆ ಪಿರಮಿಡ್, ಮಮ್ಮಿ, ಚಿನ್ನದ ಮುಖವಾಡ ಎಂದು ಶಾಲೆಯಲ್ಲಿ ಕಲಿತು ಅಲ್ಲಿಗೇ ಬಿಟ್ಟವರೇ ಹೆಚ್ಚು. ಅದೇ ನಾಡಿನಲ್ಲಿ ಮುಪ್ಪಿನ ತಾಯಿಗೆ ತಿಂಗಳ ಕಾಳು ಯಾರು ಕೊಡಬೇಕು ಎಂಬ ತಕರಾರೂ ಇತ್ತು. ಅದು ಹೇಗೆ ಶುರುವಾಯಿತು, ಎಲ್ಲಿ ತಿರುಗಿತು, ಹೇಗೆ ತೀರಿತು ಎಂಬುದನ್ನು ಆ ಜನರ ಬರಹದಲ್ಲೇ ಓದಬಹುದು ಎನ್ನುವುದು ನನಗೆ ಪಿರಮಿಡ್‌ಗಿಂತ ದೊಡ್ಡ ಸಂಗತಿ. ಹಿರಿಯರ ಪಾಲನೆ, ಆಸ್ತಿ ಪಾಲು ಇಂಥ ವಿಷಯಗಳಲ್ಲಿ ಮನೆಮಂದಿಯ ನಡುವೆ ಕೂತು ಮಾತಾಡಬೇಕಾಗಿ ಬರುವವರಿಗೂ ಈ ಪ್ರಕರಣದಲ್ಲಿ ನೋಡಬೇಕಾದದ್ದು ಬಹಳ ಇದೆ.

ಮೂಲ ಪತ್ರಗಳಲ್ಲಿ ಎಲ್ಲರ ಹೆಸರೂ ಇವೆ. ಇಲ್ಲಿ ಅವನ್ನು ಬಿಟ್ಟಿದ್ದೇನೆ. ತಾಯಿ, ಮೊದಲ ಗಂಡ, ಎರಡನೆಯ ಗಂಡ, ಬೋಗುಣಿ ಪಡೆದ ಮಗ, ಹೊರಗುಳಿದ ಮಗ ಎಂದರೆ ಸಾಕು. ಯಾರು ಯಾವ ಹೊತ್ತಿನಲ್ಲಿ ಏನು ತೀರ್ಮಾನ ಮಾಡಿದರು ಎಂಬುದಷ್ಟೇ ಇಲ್ಲಿ ಮುಖ್ಯ.

ಊರು ಮತ್ತು ಮನೆ

ಆ ಊರನ್ನು ಈಗ ದೇರ್ ಎಲ್-ಮದೀನಾ ಎಂದು ಕರೆಯುತ್ತಾರೆ. ರಾಜರ ಕಣಿವೆಯಲ್ಲಿ ಫೇರೋಗಳ ಸಮಾಧಿಗಳನ್ನು ಬಂಡೆಯೊಳಗೆ ಕೊರೆದು, ಗಿಲಾವು ಮಾಡಿ, ಬಣ್ಣ ಬಳಿದವರ ಊರು ಅದು. ಸುತ್ತ ಗೋಡೆ, ಒಳಗೆ ಒಂದಕ್ಕೊಂದು ಅಂಟಿಕೊಂಡ ಸುಮಾರು 68 ಮನೆ. ಊರಲ್ಲಿ ನೀರಿಲ್ಲ, ಬಯಲಿನಿಂದ ಕತ್ತೆಗಳ ಮೇಲೆ ಬರಬೇಕು. ಕಟ್ಟಿಗೆ, ಮೀನು, ತರಕಾರಿ ತಂದುಕೊಡಲು, ಬಟ್ಟೆ ಒಗೆಯಲು ಸರ್ಕಾರವೇ ಆಳುಗಳನ್ನು ಗೊತ್ತುಮಾಡಿತ್ತು. ವಾರಕ್ಕೆ ಹತ್ತು ದಿನ. ಗಂಡಸರು ದುಡಿಮೆಯ ದಿನಗಳಲ್ಲಿ ಗುಡ್ಡದ ಮೇಲಿನ ಗುಡಿಸಲುಗಳಲ್ಲೇ ಮಲಗಿ, ವಾರದ ಕೊನೆಗೆ ಮನೆಗೆ ಇಳಿದು ಬರುತ್ತಿದ್ದರು. ಹಾಗಾಗಿ ಹೆಚ್ಚಿನ ದಿನ ಊರು ಹೆಂಗಸರದ್ದು, ಮಕ್ಕಳದ್ದು, ವಯಸ್ಸಾದವರದ್ದು.

ಸಂಬಳ ಧಾನ್ಯದಲ್ಲಿ. ಸಾಮಾನ್ಯ ಕೆಲಸಗಾರನಿಗೆ ತಿಂಗಳಿಗೆ ನಾಲ್ಕು ಮೂಟೆ ಗೋಧಿ, ಒಂದೂವರೆ ಮೂಟೆ ಬಾರ್ಲಿ. ಒಂದು ಮೂಟೆಯೆಂದರೆ ಸುಮಾರು 76 ಲೀಟರ್ ಅಳತೆ. ಗೋಧಿಯಲ್ಲಿ ರೊಟ್ಟಿ, ಬಾರ್ಲಿಯಲ್ಲಿ ಬಿಯರ್. ಆ ಗೋಧಿ ಹೊಟ್ಟು ಬಿಡಿಸಿಕೊಳ್ಳಬೇಕಾದ ಜಾತಿಯದು. ನಮ್ಮ ಉತ್ತರ ಕರ್ನಾಟಕದಲ್ಲಿ ಸದಕ ಎಂದೋ ಖಪ್ಲಿ ಎಂದೋ ಬೆಳೆಯುವುದು ಅದನ್ನೇ. ನಾಣ್ಯ ಇರಲಿಲ್ಲ. ವಸ್ತುವಿನ ಬೆಲೆಯನ್ನು ತಾಮ್ರದ ತೂಕದಲ್ಲಿ ಹೇಳುತ್ತಿದ್ದರು. ಆ ತೂಕದ ಹೆಸರು ದೆಬೆನ್, ಸುಮಾರು 91 ಗ್ರಾಂ. ಒಂದು ಮೂಟೆ ಧಾನ್ಯಕ್ಕೆ ಸಾಮಾನ್ಯ ಕಾಲದಲ್ಲಿ ಒಂದೆರಡು ದೆಬೆನ್. ಆದ್ದರಿಂದ ಮನೆಯ ತಾಮ್ರ ಕಂಚಿನ ಪಾತ್ರೆಯೆಂದರೆ ಉಳಿತಾಯವೂ ಹೌದು.

ಇಷ್ಟೆಲ್ಲ ಗೊತ್ತಿರುವುದು ಊರಿನವರು ಬರೆಯುವ ಜನರಾಗಿದ್ದರಿಂದ. ಪಪೈರಸ್ ದುಬಾರಿ, ಸುಣ್ಣಕಲ್ಲಿನ ಚಕ್ಕೆ ಕಾಲಡಿ ಬಿದ್ದಿರುತ್ತಿತ್ತು. ಅದರ ಮೇಲೆ ಸಾಲದ ಲೆಕ್ಕ, ಒಗೆಯಲು ಹಾಕಿದ ಬಟ್ಟೆಯ ಪಟ್ಟಿ, ಕತ್ತೆ ಬಾಡಿಗೆ, ಕಾಗದ, ಪ್ರಾರ್ಥನೆ ಎಲ್ಲ ಬರೆದು ಎಸೆದರು. ಅಂಥವು ಸಾವಿರಗಟ್ಟಲೆ ಸಿಕ್ಕಿವೆ. ಬ್ರಿಟಿಷ್ ಮ್ಯೂಸಿಯಂನಲ್ಲಿರುವ ಒಂದು ದೊಡ್ಡ ಚಕ್ಕೆ ಎರಡನೆಯ ರಾಮ್ಸೆಸ್‌ನ 40ನೆಯ ವರ್ಷದ ಹಾಜರಿ ಪಟ್ಟಿ: ಇವನಿಗೆ ಚೇಳು ಕಡಿದಿದೆ, ಇವನ ಕಣ್ಣು ನೋಯುತ್ತಿದೆ, ಇವನು ಬಿಯರ್ ಕುದಿಸುತ್ತಿದ್ದಾನೆ, ಇವನು ತಾಯಿಯ ಹೆಣಕ್ಕೆ ಬಟ್ಟೆ ಸುತ್ತುತ್ತಿದ್ದಾನೆ. ತಾಯಿಯ ಅಂತ್ಯಕ್ರಿಯೆಗೆ ಫೇರೋನ ಕೆಲಸ ಬಿಟ್ಟು ಬರಬಹುದಿತ್ತು ಎಂಬುದನ್ನು ಈ ಪ್ರಕರಣದ ಓದುಗರು ನೆನಪಿಟ್ಟುಕೊಳ್ಳಬೇಕು.

ಇನ್ನು ನಮ್ಮ ತಾಯಿ. ಆಕೆಯ ಮೊದಲ ಗಂಡ ಊರಿನ ಬರಹಗಾರ. ದಶಕಗಟ್ಟಲೆ ಆ ಹುದ್ದೆಯಲ್ಲಿದ್ದವನು, ಆಕೆಗಿಂತ ವಯಸ್ಸಿನಲ್ಲಿ ಬಹಳ ಹಿರಿಯ. ಓದಿನ ಹುಚ್ಚಿನವನು. ಕನಸಿನ ಫಲ ಹೇಳುವ ಒಂದು ಸುರುಳಿ ಅವನ ಬಳಿ ಇತ್ತು. ದೊಡ್ಡ ಬೆಕ್ಕನ್ನು ಕಂಡರೆ ಒಳ್ಳೆಯದು, ಹೆಚ್ಚು ಬೆಳೆ ಬರುತ್ತದೆ. ಬಿಸಿ ಬಿಯರ್ ಕುಡಿದಂತೆ ಕಂಡರೆ ಕೆಟ್ಟದ್ದು. ಕನ್ನಡಿಯಲ್ಲಿ ಮುಖ ಕಂಡರೆ ಇನ್ನೊಬ್ಬ ಹೆಂಡತಿ ಬರುತ್ತಾಳೆ ಎಂದೆಲ್ಲ ಅದರಲ್ಲಿದೆ. ಅದೇ ಸುರುಳಿಯ ಹಿಂಬದಿಗೆ ಅವನು ಕಾದೇಶ್ ಯುದ್ಧದ ಕಾವ್ಯವನ್ನು ತನ್ನ ಕೈಯಾರೆ ನಕಲು ಮಾಡಿಕೊಂಡಿದ್ದ. ಈ ಮದುವೆಯಲ್ಲಿ ಮಕ್ಕಳಾಗಲಿಲ್ಲ. ಅವನು ತೀರಿಕೊಂಡ ಮೇಲೆ ಆಕೆ ಊರಿನ ಕೆಲಸಗಾರನೊಬ್ಬನನ್ನು ಮದುವೆಯಾದಳು. ಎಂಟು ಮಕ್ಕಳು ಬೆಳೆದು ದೊಡ್ಡವರಾದರು: ನಾಲ್ಕು ಗಂಡು, ನಾಲ್ಕು ಹೆಣ್ಣು. ಗಂಡುಮಕ್ಕಳಲ್ಲಿ ಒಬ್ಬನಿಗೆ ಇಟ್ಟದ್ದು ಮೊದಲ ಗಂಡನ ಹೆಸರು. ಎರಡನೆಯ ಗಂಡ ಅದಕ್ಕೆ ಒಪ್ಪಿದ್ದಾನೆ ಎಂದರೆ ಆ ಮನೆಯಲ್ಲಿ ಸತ್ತ ಬರಹಗಾರನ ಮೇಲೆ ಗೌರವ ಇದ್ದಿರಬೇಕು ಎಂದು ನನಗನ್ನಿಸುತ್ತದೆ.

ಆಸ್ತಿಯ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಇಡೀ ಪ್ರಕರಣ ನಿಂತಿರುವುದೇ ಅದರ ಮೇಲೆ. ಗಂಡ ಹೆಂಡತಿ ಸೇರಿ ಗಳಿಸಿದ್ದರಲ್ಲಿ ಮೂರರಲ್ಲಿ ಎರಡು ಪಾಲು ಗಂಡನದು, ಒಂದು ಪಾಲು ಹೆಂಡತಿಯದು. ಇದಲ್ಲದೆ ಹೆಂಗಸಿಗೆ ತವರಿನಿಂದ ಬಂದದ್ದು, ಹಿಂದಿನ ಗಂಡನಿಂದ ಬಂದದ್ದು ಆಕೆಯ ಕೈಯಲ್ಲೇ ಉಳಿಯುತ್ತಿತ್ತು. ನಮ್ಮ ತಾಯಿಗೆ ಮೊದಲ ಗಂಡನ ಜಾಗಗಳಿದ್ದವು, ಅಪ್ಪ ಬಿಟ್ಟುಹೋದ ಒಂದು ಉಗ್ರಾಣವಿತ್ತು, ಎರಡನೆಯ ಮದುವೆಯ ಮೂರನೆಯ ಒಂದು ಪಾಲಿತ್ತು. ಉಗ್ರಾಣ ಎಂದರೆ ಏನು ಮಹಾ ಎನ್ನಬಾರದು. ಇದೇ ಊರಿನ ಒಬ್ಬ ಅಪ್ಪ ಮಗಳಿಗೆ ಬರೆದ ಚಕ್ಕೆಯೊಂದಿದೆ: ನಿನ್ನ ಗಂಡ ನಿನ್ನನ್ನು ಹೊರಗೆ ಹಾಕಿದರೆ ಹೆದರಬೇಡ, ಮನೆ ಫೇರೋನದು, ಆದರೆ ನನ್ನ ಉಗ್ರಾಣದ ಮುಂದಿನ ಕೋಣೆ ನಾನೇ ಕಟ್ಟಿದ್ದು, ಅಲ್ಲಿಂದ ನಿನ್ನನ್ನು ಯಾರೂ ಎಬ್ಬಿಸುವ ಹಾಗಿಲ್ಲ. ಸರ್ಕಾರಿ ಮನೆಗಳ ಊರಿನಲ್ಲಿ ಸ್ವಂತ ಉಗ್ರಾಣ ಹೆಣ್ಣಿಗೆ ಕೊನೆಯ ಆಸರೆ.

ತೊಂದರೆ ಏನಾಗಿತ್ತು

ಮುಪ್ಪು ಬಂದಾಗ ಮಕ್ಕಳು ತಿಂಗಳಿಗೆ ಇಷ್ಟು ಧಾನ್ಯ, ಇಷ್ಟು ಎಣ್ಣೆ ಕೊಬ್ಬು ಕೊಟ್ಟು ಅಪ್ಪ ಅಮ್ಮನನ್ನು ಸಾಕಬೇಕು ಎಂಬುದು ರೂಢಿ. ಊರಿನ ಹುಡುಗರು ಅಕ್ಷರ ಕಲಿಯುವಾಗ ನಕಲು ಮಾಡುತ್ತಿದ್ದ ನೀತಿಪಾಠದಲ್ಲೇ ಅದಿತ್ತು: ತಾಯಿ ನಿನಗೆ ಕೊಟ್ಟ ಅನ್ನದ ಎರಡರಷ್ಟು ಆಕೆಗೆ ಕೊಡು, ಆಕೆ ನಿನ್ನನ್ನು ಹೊತ್ತಂತೆ ಆಕೆಯನ್ನು ಹೊರು, ಮೂರು ವರ್ಷ ಮೊಲೆ ಕೊಟ್ಟಳು, ಶಾಲೆಗೆ ಕಳಿಸಿದಳು, ದಿನವೂ ರೊಟ್ಟಿ ಬಿಯರ್ ಹಿಡಿದು ಕಾದಳು. ಊರಿನಲ್ಲಿ ಇನ್ನೊಂದು ಮಾತೂ ಚಾಲ್ತಿಯಲ್ಲಿತ್ತು, ಮೊಕದ್ದಮೆಯೊಂದರಲ್ಲಿ ಫೇರೋನ ಕಾನೂನು ಎಂದೇ ಅದನ್ನು ಮುಂದಿಟ್ಟಿದ್ದಾರೆ: ಮಣ್ಣು ಮಾಡಿದವನಿಗೆ ಆಸ್ತಿ. ಸಾಕಬೇಕಾದ್ದು ಕರ್ತವ್ಯ, ಅಂತ್ಯಕ್ರಿಯೆಯ ಖರ್ಚು ಹೊತ್ತವನಿಗೆ ಹಕ್ಕು. ಆದರೆ ಎರಡಕ್ಕೂ ನಡುವೆ ಒಂದು ತೆರಪಿದೆ. ಬದುಕಿರುವಾಗ ನೋಡಿಕೊಳ್ಳದೆ, ಸತ್ತ ಮೇಲೆ ಶವಪೆಟ್ಟಿಗೆ ಹಿಡಿದುಕೊಂಡು ಬಂದು ಪಾಲು ಕೇಳಿದರೆ?

ಆ ತೆರಪಿನಲ್ಲಿ ಸಿಕ್ಕಿಬೀಳುವುದು ಹೇಗಿರುತ್ತದೆ ಎನ್ನುವುದಕ್ಕೆ ಇದೇ ಊರಿನ ಒಬ್ಬ ಚಿತ್ರಕಾರ ಮಗನಿಗೆ ಬರೆದ ಕಾಗದ ಓದಬೇಕು. ಅವನಿಗೆ ಕಣ್ಣು ಹೋಗುತ್ತಿದೆ. ನನಗೆ ಬೆನ್ನು ಹಾಕಬೇಡ, ಹುಷಾರಿಲ್ಲ, ಕಣ್ಣಿಗೆ ಹಾಕಲು ಸ್ವಲ್ಪ ಜೇನು ತಾ, ಕಾವಿಮಣ್ಣು ತಾ, ಅಪ್ಪಟ ಕಾಡಿಗೆ ತಾ, ಬೇಗ ಬಾ, ನಾನು ನಿನ್ನ ಅಪ್ಪನಲ್ಲವೇ ಎಂದು ಬೇಡುತ್ತಾನೆ. ಗೋರಿಯ ಗೋಡೆಗಳ ಮೇಲೆ ಗೆರೆ ಎಳೆದು ಬದುಕಿದವನು ಜೇನಿಗಾಗಿ ಮಗನನ್ನು ಹೀಗೆ ಕೇಳಬೇಕಾಯಿತು. ಅವನ ಕೈಯಲ್ಲಿದ್ದದ್ದು ಬೇಡಿಕೆ ಮಾತ್ರ. ನಮ್ಮ ತಾಯಿಯ ಕೈಯಲ್ಲಿ ಅದಕ್ಕಿಂತ ಹೆಚ್ಚಿನದಿತ್ತು.

ಮಕ್ಕಳ ಕಡೆಯಿಂದಲೂ ನೋಡಬೇಕು, ಇಲ್ಲದಿದ್ದರೆ ಪ್ರಕರಣ ಅರ್ಧ ಮಾತ್ರ ತಿಳಿದಂತೆ. ಕಾಲ ಒಳ್ಳೆಯದಿರಲಿಲ್ಲ. ಮೂರನೆಯ ರಾಮ್ಸೆಸ್‌ನ 29ನೆಯ ವರ್ಷ, ಅಂದರೆ ಉಯಿಲಿಗಿಂತ ಹತ್ತು ಹನ್ನೆರಡು ವರ್ಷ ಹಿಂದೆ, ಸಂಬಳದ ಧಾನ್ಯ ಬಾರದೆ ಇದೇ ಊರಿನ ಕೆಲಸಗಾರರು ಕೆಲಸ ಬಿಟ್ಟು ಗೋಡೆ ದಾಟಿ ಹೋಗಿ ದೇವಾಲಯಗಳ ಹಿಂದೆ ಕೂತಿದ್ದರು. ಹಸಿವು ಬಾಯಾರಿಕೆ ನಮ್ಮನ್ನು ಇಲ್ಲಿಗೆ ತಂದಿದೆ, ಬಟ್ಟೆಯಿಲ್ಲ, ಎಣ್ಣೆಯಿಲ್ಲ, ಮೀನಿಲ್ಲ, ತರಕಾರಿಯಿಲ್ಲ ಎಂದು ಅಧಿಕಾರಿಗಳಿಗೆ ಹೇಳಿದರು. ದಾಖಲೆಯಲ್ಲಿ ಉಳಿದಿರುವ ಮುಷ್ಕರಗಳಲ್ಲಿ ಇದೇ ಮೊದಲನೆಯದು. ಈ ಎಂಟು ಮಕ್ಕಳು ಸಂಸಾರ ಹೂಡಿದ್ದು ಇಂಥ ಅಭದ್ರ ದಿನಗಳಲ್ಲಿ. ತಡವಾಗಿ ಬಂದ ಸಂಬಳದಲ್ಲಿ ಅಮ್ಮನ ಪಾಲು ಎತ್ತಿಡುವುದು ಸುಲಭವಿರಲಿಲ್ಲ. ಆದರೂ ಕೆಲವರು ಎತ್ತಿಟ್ಟರು. ಪ್ರಕರಣದ ಗಂಟು ಇರುವುದು ಇಲ್ಲೇ: ಕಷ್ಟ ಎಲ್ಲರಿಗೂ ಇತ್ತು, ಕೊಟ್ಟದ್ದು ಎಲ್ಲರೂ ಅಲ್ಲ.

ಕೋರ್ಟಿಗೆ ಬರುವ ಮುನ್ನ

ಪತ್ರಗಳಿಂದ ಒಂದಿಷ್ಟು ಹಿಂದಿನ ಕತೆ ತಿಳಿಯುತ್ತದೆ. ಮಕ್ಕಳು ಬೇರೆ ಮನೆ ಮಾಡುವಾಗ ಅವರಂಥವರಿಗೆ ಕೊಡುವ ರೂಢಿಯಿದ್ದ ಸಾಮಾನನ್ನೆಲ್ಲ ಆಕೆ ಹೊಂದಿಸಿಕೊಟ್ಟಿದ್ದಳು. ಮನೆಯವರಲ್ಲಿ ಒಬ್ಬನಿಗೆ ರೊಟ್ಟಿ ಕೊಳ್ಳಲೆಂದು ತನ್ನ ತಾಮ್ರದ ಹಂಡೆಯನ್ನೇ ಕೊಟ್ಟಿದ್ದಳು. ಮನೆಯಲ್ಲಿ ಕಾಳಿಲ್ಲದಿದ್ದಾಗ ಹಂಡೆ ಮಾರಿ ಹೊಟ್ಟೆ ಹೊರೆಯುವುದು ಎಂದರೆ ಉಳಿತಾಯ ಒಡೆದಂತೆ. ಅದರ ಜೊತೆಗೆ ಏಳು ದೆಬೆನ್‌ನ ಒಂದು ಉಪಕರಣ, ಏಳು ದೆಬೆನ್‌ನ ಒಂದು ಪಾತ್ರೆ, ಆರು ದೆಬೆನ್‌ನ ಗುದ್ದಲಿ. ಎಲ್ಲ ಸೇರಿ 40 ದೆಬೆನ್. ಈ ಲೆಕ್ಕ ಉಯಿಲಿನಲ್ಲೇ ಇದೆ: ಇದೇ ಅವನ ಪಾಲು, ಇನ್ನು ತಾಮ್ರದಲ್ಲಿ ಅವನಿಗೆ ಬೇರೆ ಪಾಲಿಲ್ಲ, ಉಳಿದದ್ದು ಒಡಹುಟ್ಟಿದವರಿಗೆ.

ಈ ಸಾಲು ಓದಿದಾಗ ಆ ತಾಯಿಯ ಸ್ವಭಾವ ನನಗೆ ಕಣ್ಣಿಗೆ ಕಟ್ಟುತ್ತದೆ. ಹಸಿದವನಿಗೆ ಹಂಡೆ ಕೊಟ್ಟಳು, ಹಿಂತಿರುಗಿ ಕೊಡು ಎನ್ನಲಿಲ್ಲ. ಆದರೆ ಕೊಟ್ಟದ್ದನ್ನು ಮರೆಯಲೂ ಇಲ್ಲ.

ಮಕ್ಕಳ ಕಡೆಯಿಂದ ಬಂದದ್ದರ ಲೆಕ್ಕವೂ ಆಕೆಯ ಬಳಿ ಇತ್ತು. ಮೂವರು ಗಂಡುಮಕ್ಕಳು, ಒಬ್ಬ ಮಗಳು ಸೇರಿ ಒಂದು ಅಳತೆ ಗೋಧಿ ಕೊಟ್ಟಿದ್ದರು, ಸುಮಾರು 19 ಲೀಟರ್. ಹಾಗೆಯೇ ಒಂದು ಅಳತೆ ಕೊಬ್ಬು, ಅರ್ಧ ಲೀಟರಿನಷ್ಟು. ಇಂದಿನ ಕಣ್ಣಿಗೆ ಇದು ಏನೇನೂ ಅಲ್ಲ. ಆಕೆಗೆ ಇದೇ ಗೆರೆ: ಈ ಗೆರೆಯ ಈಚೆ ಇರುವವರು, ಆಚೆ ಇರುವವರು.

ತಿರುವು: ಬಾಯಿ ಬಿಟ್ಟು ಹೇಳಿದ ದಿನ

ನ್ಯಾಯಸಭೆ ಎಂದರೆ ದೂರದ ನ್ಯಾಯಾಧೀಶರಲ್ಲ. ಇಬ್ಬರು ಮೇಸ್ತ್ರಿಗಳು, ಇಬ್ಬರು ಬರಹಗಾರರು, ಚಿತ್ರಕಾರರು, ಕೆಲಸಗಾರರು, ಇಬ್ಬರು ಅಧಿಕಾರಿಗಳು. ಗಂಡುಮಕ್ಕಳ ಜೊತೆ ಗುಡ್ಡ ಹತ್ತಿ ಇಳಿಯುವವರೇ. ಯಾರ ಮನೆಯಿಂದ ಆ ಮುದುಕಿಯ ಬಾಗಿಲಿಗೆ ಕಾಳು ಹೋಗುತ್ತದೆ, ಯಾರ ಮನೆಯಿಂದ ಹೋಗುವುದಿಲ್ಲ ಎಂದು ಅಷ್ಟು ಸಣ್ಣ ಊರಿನಲ್ಲಿ ಗೊತ್ತಿಲ್ಲದೆ ಇರುವುದಿಲ್ಲ. ಅವರ ಮುಂದೆ ಆಕೆ ಆಡಿದ ಮಾತಿನ ಹುರುಳು ಹೀಗಿದೆ:

"ನಾನು ಫೇರೋನ ನಾಡಿನ ಸ್ವತಂತ್ರ ಹೆಂಗಸು. ನಿಮ್ಮ ಸೇವಕರಾದ ಈ ನನ್ನ ಎಂಟು ಮಕ್ಕಳನ್ನು ಸಾಕಿ ದೊಡ್ಡವರನ್ನಾಗಿ ಮಾಡಿದೆ. ಅವರಂಥವರಿಗೆ ಏನೇನು ಕೊಡುತ್ತಾರೋ ಎಲ್ಲ ಕೊಟ್ಟು ಸಂಸಾರ ಹೂಡಿಸಿದೆ. ಈಗ ನೋಡಿ, ನನಗೆ ವಯಸ್ಸಾಯಿತು. ಅವರು ನನ್ನನ್ನು ನೋಡಿಕೊಳ್ಳುತ್ತಿಲ್ಲ. ಅವರಲ್ಲಿ ನನ್ನ ಕೈಹಿಡಿದವರಿಗೆ ನನ್ನದನ್ನು ಕೊಡುತ್ತೇನೆ. ನನಗೆ ಕೊಡದವರಿಗೆ ನನ್ನದನ್ನು ಕೊಡುವುದಿಲ್ಲ."

ಆಮೇಲೆ ಹೆಸರು ಹಿಡಿದು ಪಟ್ಟಿ. ಇಲ್ಲಿ ಆಕೆ ಮಾಡಿದ ಒಂದೊಂದು ತೀರ್ಮಾನವನ್ನೂ ನಿಧಾನವಾಗಿ ನೋಡಬೇಕು.

ಮೂವರು ಗಂಡುಮಕ್ಕಳಿಗೂ ಕಾಳು ಕೊಟ್ಟ ಮಗಳಿಗೂ ಆಕೆಯ ಸ್ವಂತ ಆಸ್ತಿಯಲ್ಲಿ ಪಾಲು. ಆ ಮೂವರಲ್ಲಿ ಮೊದಲ ಗಂಡನ ಹೆಸರು ಹೊತ್ತ ಮಗನಿಗೆ ಉಳಿದವರಿಗಿಂತ ಮೇಲಾಗಿ ಒಂದು ಕಂಚಿನ ಕೈತೊಳೆಯುವ ಬೋಗುಣಿ. ಇದು ಬಹುಮಾನ ಎಂದು ಬಿಡಿಸಿ ಹೇಳಿದ್ದಾಳೆ. ಬಹುಮಾನ ಗುಟ್ಟಾಗಿ ಕೊಟ್ಟಿದ್ದರೆ ಮೂವರ ನಡುವೆಯೇ ಹೊಸ ಜಗಳ ಹುಟ್ಟುತ್ತಿತ್ತು. ಹದಿನಾಲ್ಕು ಮಂದಿಯ ಎದುರು ಕೊಟ್ಟದ್ದನ್ನು ಕದ್ದದ್ದು ಎನ್ನಲು ಬರುವುದಿಲ್ಲ.

ಇನ್ನೊಬ್ಬ ಮಗಳದು ನಡುವಿನ ಸ್ಥಿತಿ. ಆಕೆಯ ಬಗ್ಗೆ ತಾಯಿ ಹೇಳಿದ್ದು: ನನ್ನ ಆಸ್ತಿಯ ಪಾಲಿನಲ್ಲಿ ಇವಳೂ ಬರಲಿ, ಆದರೆ ಮೂವರು ಗಂಡುಮಕ್ಕಳು ಮತ್ತು ಆ ಮಗಳು ಕೊಟ್ಟ ಗೋಧಿಯಲ್ಲಿ, ಅವರು ಕೊಟ್ಟ ಕೊಬ್ಬಿನಲ್ಲಿ ಬೇಡ. ನೀನು ತಂದು ಹಾಕದ ಕಾಳಿನಲ್ಲಿ ನಿನಗೆ ಪಾಲಿಲ್ಲ, ಉಳಿದದ್ದರಲ್ಲಿ ಇದೆ. ಈ ಒಂದು ಸಾಲಿಗಾಗಿಯೇ ಈ ಪ್ರಕರಣವನ್ನು ಎಷ್ಟು ಸಲ ಓದಿದರೂ ನನಗೆ ಸಾಕೆನಿಸುವುದಿಲ್ಲ. ಮನಸ್ಸು ನೊಂದವರು ಸಾಮಾನ್ಯವಾಗಿ ಮಕ್ಕಳನ್ನು ಎರಡೇ ಗುಂಪು ಮಾಡುತ್ತಾರೆ, ನೋಡಿದವರು ಮತ್ತು ನೋಡದವರು. ಈ ತಾಯಿ ಅಷ್ಟು ನೋವಿನಲ್ಲೂ ಮೂರನೆಯ ಜಾಗ ಬಿಟ್ಟಳು. ಕೊಡಲಾಗದೆ ಹೋದವಳು, ಆದರೂ ಪೂರ್ತಿ ಕೈಬಿಡದವಳು ಎಂಬ ಮನುಷ್ಯಳಿಗೂ ಒಂದು ಜಾಗ.

ಉಳಿದವರು, ಅಂದರೆ ಒಬ್ಬ ಮಗ ಮತ್ತು ಹೆಣ್ಣುಮಕ್ಕಳಲ್ಲಿ ಕೆಲವರು, ಆಕೆಯ ಪಾಲಿನಿಂದ ಹೊರಗೆ. ಮೊದಲ ಗಂಡನ ಜಾಗಗಳು, ಅಪ್ಪನ ಉಗ್ರಾಣ, ಎರಡನೆಯ ಗಂಡನ ಜೊತೆ ಕೂಡಿಸಿದ ಗೋಧಿ, ಇವುಗಳಲ್ಲಿ ಅವರಿಗೆ ಏನೂ ಇಲ್ಲ.

ಆದರೆ ಇದರ ಬೆನ್ನಿಗೇ ಆಕೆ ಇನ್ನೊಂದು ಮಾತು ಸೇರಿಸಿದಳು. ತಂದೆಯ ಮೂರರಲ್ಲಿ ಎರಡು ಪಾಲಿನಲ್ಲಿ ಎಂಟೂ ಮಕ್ಕಳಿಗೆ ಹಕ್ಕಿದೆ, ಅದನ್ನು ಅವರೆಲ್ಲ ಒಂದೇ ದಿನ ಹಂಚಿಕೊಳ್ಳಬೇಕು. ನನ್ನ ಪ್ರಕಾರ ಪ್ರಕರಣದ ಅತಿ ಮುಖ್ಯ ತಿರುವು ಇದು. ಗಂಡನೂ ಬದುಕಿದ್ದಾನೆ, ಅವನ ಆಸ್ತಿಯ ಬಗ್ಗೆ ಮಾತಾಡುವ ಅಧಿಕಾರ ಆಕೆಗಿಲ್ಲ. ಕೋಪದಲ್ಲಿ ಎಲ್ಲವನ್ನೂ ಕಿತ್ತುಕೊಳ್ಳಲು ಹೊರಟಿದ್ದರೆ ನ್ಯಾಯಸಭೆ ಆಕೆಯ ಕೈಯಲ್ಲಿದ್ದ ಅಧಿಕಾರವನ್ನೂ ಪ್ರಶ್ನಿಸುತ್ತಿತ್ತು. ತನ್ನದು ಎಲ್ಲಿ ಮುಗಿಯುತ್ತದೆ ಎಂದು ತಿಳಿದು ಅಲ್ಲಿಗೇ ನಿಂತಳು. ಜೊತೆಗೆ "ಒಂದೇ ದಿನ" ಎಂಬ ಷರತ್ತು. ಅಪ್ಪನ ಆಸ್ತಿಯನ್ನು ಬಲವಿದ್ದವರು ಇವತ್ತಿಷ್ಟು ನಾಳೆಯಿಷ್ಟು ಎಂದು ಎಳೆದುಕೊಳ್ಳುವುದು ಇದರಿಂದ ತಪ್ಪುತ್ತದೆ. ತಾನು ಹೊರಗೆ ಹಾಕಿದ ಮಕ್ಕಳಿಗೂ ಅನ್ಯಾಯವಾಗಬಾರದು ಎಂಬ ಕಾಳಜಿ ಅದರಲ್ಲಿ ನನಗೆ ಕಾಣುತ್ತದೆ.

ಗಮನಿಸಬೇಕಾದ ಇನ್ನೊಂದು ಸಂಗತಿ ಆಕೆಯ ದೂರಿನ ರೀತಿ. ಮಗ ಕೆಟ್ಟವನು, ಸೊಸೆ ಸರಿಯಿಲ್ಲ, ನನಗೆ ಮರ್ಯಾದೆ ಕೊಡಲಿಲ್ಲ ಎಂಬ ಒಂದು ಮಾತೂ ಉಯಿಲಿನಲ್ಲಿಲ್ಲ. ಗೋಧಿ, ಕೊಬ್ಬು, ತಾಮ್ರದ ತೂಕ. ಮರ್ಯಾದೆಯ ವಿಷಯದಲ್ಲಿ ಎಂಟು ಮಕ್ಕಳೂ ಎಂಟು ಬಗೆಯಾಗಿ ವಾದಿಸಬಹುದು. ಕೊಟ್ಟ ಗೋಧಿಯ ವಿಷಯದಲ್ಲಿ ವಾದಕ್ಕೆ ಜಾಗವಿಲ್ಲ. ಹಿರಿಯರ ದೂರು ಕೇಳುವ ಕೆಲಸದಲ್ಲಿರುವವರು ಮೊದಲ ಭೇಟಿಯಲ್ಲಿ ಕೇಳಬೇಕಾದ್ದು ಇದೇ: ಯಾರು, ಯಾವಾಗ, ಏನು ಕೊಟ್ಟರು? ನೋವಿನ ಮಾತು ಬರಲಿ, ಕೇಳಿಸಿಕೊಳ್ಳೋಣ, ಆದರೆ ಬರೆದಿಡಬೇಕಾದ್ದು ಕೊಟ್ಟು ತೆಗೆದುಕೊಂಡದ್ದನ್ನು.

ಆಮೇಲೆ ಏನಾಯಿತು

ಸುಮಾರು ಒಂದು ವರ್ಷದ ನಂತರ, ಐದನೆಯ ರಾಮ್ಸೆಸ್‌ನ ನಾಲ್ಕನೆಯ ವರ್ಷದಲ್ಲಿ, ಎರಡನೆಯ ಗಂಡ ಮತ್ತು ಮಕ್ಕಳು ಮತ್ತೆ ನ್ಯಾಯಸಭೆಯ ಮುಂದೆ ಬಂದರು. ಅಷ್ಟು ಹೊತ್ತಿಗೆ ತಾಯಿ ತೀರಿಕೊಂಡಿರಬೇಕು ಎಂದು ವಿದ್ವಾಂಸರ ಅಂದಾಜು. ಅವರು ಹೇಳಿದ್ದು ಚಿಕ್ಕದು: ಆಕೆ ತನ್ನ ಆಸ್ತಿಯ ಬಗ್ಗೆ ಬರೆಸಿದ್ದು ಬರೆಸಿದ ಹಾಗೆಯೇ ನಡೆಯಬೇಕು. ಹೊರಗುಳಿದ ಮಗನಿಗೆ ಅದರಲ್ಲಿ ಪಾಲಿಲ್ಲ. ಮಾತು ತಪ್ಪಿ ಮತ್ತೆ ತಕರಾರು ತೆಗೆದರೆ 100 ಏಟು, ಆಸ್ತಿ ಮುಟ್ಟುಗೋಲು ಎಂದು ರಾಜನ ಮೇಲೆ ಆಣೆಯೂ ಆಯಿತು.

ಹೊರಗಿಟ್ಟವರಲ್ಲಿ ಈ ಮಗನ ಹೆಸರನ್ನು ಮಾತ್ರ ಎತ್ತಿ ಹೇಳಿರುವುದು ನೋಡಿದರೆ ಗಲಾಟೆ ಏಳುವುದಾದರೆ ಅವನಿಂದ ಎಂದು ಮನೆಮಂದಿಗೆ ಗೊತ್ತಿದ್ದಂತಿದೆ. ಉಯಿಲು ಬರೆದದ್ದೇ ಸಾಕಾಗಲಿಲ್ಲ. ಅದನ್ನು ಬರೆಸಿದವಳು ಇಲ್ಲವಾದಾಗ ಉಳಿದವರೆಲ್ಲ ಮತ್ತೊಮ್ಮೆ ಊರಿನ ಮುಂದೆ ಒಪ್ಪಿಕೊಳ್ಳಬೇಕಾಯಿತು. ಹೀಗೆ ಎರಡನೆಯ ಸಲ ಎಲ್ಲರ ಬಾಯಲ್ಲೂ ಹೇಳಿಸುವುದು ಇಂದಿನ ಕುಟುಂಬಗಳು ತೀರಾ ಕಡೆಗಣಿಸುವ ಹೆಜ್ಜೆ. ಉಯಿಲು ಪೆಟ್ಟಿಗೆಯಲ್ಲಿದ್ದರೆ ಅದು ಸತ್ತವರ ಮಾತು. ಉಳಿದವರು ಒಟ್ಟಿಗೆ ನಿಂತು ಹೌದು ಎಂದರೆ ಅದು ಬದುಕಿರುವವರ ಒಪ್ಪಂದ. ಇಲ್ಲಿ ಗಂಡನೂ ಬಂದು ನಿಂತದ್ದು ದೊಡ್ಡದು. ತನ್ನ ಮಗನೊಬ್ಬ ಹೊರಗುಳಿಯುವ ತೀರ್ಮಾನಕ್ಕೆ, ಅದೂ ಹೆಂಡತಿಯ ತೀರ್ಮಾನಕ್ಕೆ, ಅಪ್ಪನೇ ಸಾಕ್ಷಿಯಾಗಿ ನಿಂತ.

ಪಾಲು ನಡೆಯಿತು. ಮನೆಯ ಸಾಮಾನು ಯಾರಿಗೆ ಏನು ಹೋಯಿತು ಎಂಬ ಪಟ್ಟಿಗಳೂ ಉಳಿದಿವೆ. ಮೊದಲ ಗಂಡನ ಸುರುಳಿಗಳು ಕೂಡ ಮನೆಯಲ್ಲೇ ಕೈಯಿಂದ ಕೈಗೆ ಬಂದವು. ಕನಸಿನ ಸುರುಳಿಯ ಮೇಲೆ ತನ್ನ ಹೆಸರು ಬರೆದಿಟ್ಟ ಮಗ, ತಾಯಿಗೆ ಕಾಳು ಕೊಟ್ಟ ಮೂವರಲ್ಲಿ ಒಬ್ಬ. ತನಗೆ ರಕ್ತಸಂಬಂಧವೇ ಇಲ್ಲದ ಆ ಹಿರಿಯ ಬರಹಗಾರನ ಗ್ರಂಥಗಳನ್ನು ಈ ಕೆಲಸಗಾರರ ಮನೆ ಕಾಪಾಡಿತು. ಉಯಿಲಿನ ಹಾಳೆಗಳೂ ಅವುಗಳ ಜೊತೆ ಉಳಿದು, 1928ರಲ್ಲಿ ಫ್ರೆಂಚ್ ಉತ್ಖನನಕಾರರ ಅಗೆತದಲ್ಲಿ ಹೊರಬಂದವು. ಚೆಕ್ ವಿದ್ವಾಂಸ ಯಾರೊಸ್ಲಾವ್ ಚೆರ್ನಿ 1945ರಲ್ಲಿ ಉಯಿಲನ್ನೂ ಅದರ ಜೊತೆಗಿನ ಪತ್ರಗಳನ್ನೂ ಓದಿ ಪ್ರಕಟಿಸಿದರು. ತೀರ್ಮಾನವನ್ನು ಬಾಯಿಮಾತಿಗೆ ಬಿಡದೆ ಬರೆದಿಟ್ಟು, ಬರೆದದ್ದನ್ನು ಮನೆಯ ಅಮೂಲ್ಯ ವಸ್ತುಗಳ ಜೊತೆ ಇಟ್ಟದ್ದರಿಂದಲೇ ನಾವು ಇಂದು ಇದನ್ನು ಚರ್ಚಿಸುತ್ತಿದ್ದೇವೆ.

ಆಸ್ತಿಯ ಮೇಲಿನ ಹೆಣ್ಣಿನ ಹಕ್ಕಿನ ಬಗ್ಗೆಯೂ ಒಂದು ಮಾತು. ಈ ತಾಯಿಗೆ ಸ್ವಂತದ್ದು ಏನೂ ಇಲ್ಲದಿದ್ದರೆ ಆಕೆಯ ಮಾತು ಆ ಕಣ್ಣು ಹೋದ ಚಿತ್ರಕಾರನ ಮಾತಿನಂತೆ ಬೇಡಿಕೆಯಾಗಿ ಮುಗಿಯುತ್ತಿತ್ತು. ಬರಹ ಬಲ್ಲ ಗಂಡನ ಜಾಗ, ಅಪ್ಪನ ಉಗ್ರಾಣ, ಮೂರನೆಯ ಒಂದು ಪಾಲು, ಇವು ಆಕೆಯ ಕೈಯಲ್ಲೇ ಇದ್ದದ್ದರಿಂದ, ಹೆಂಗಸು ತಾನೇ ನ್ಯಾಯಸಭೆಗೆ ಬಂದು ಮಾತಾಡಬಹುದಾದ ಪದ್ಧತಿ ಇದ್ದದ್ದರಿಂದ, ಬೇಡಿಕೆ ತೀರ್ಮಾನವಾಯಿತು. ಬದುಕಿರುವಾಗಲೇ ಎಲ್ಲವನ್ನೂ ಮಕ್ಕಳ ಹೆಸರಿಗೆ ಮಾಡಿಕೊಟ್ಟು ಬರಿಗೈಯಲ್ಲಿ ಕೂರುವ ತಾಯಂದಿರನ್ನು ನೋಡಿದಾಗಲೆಲ್ಲ ನನಗೆ ಈ ಪ್ರಕರಣ ನೆನಪಾಗುತ್ತದೆ. ಈಕೆ ಸಂಸಾರ ಹೂಡಲು ಬೇಕಾದ್ದನ್ನು ಮೊದಲು ಕೊಟ್ಟಳು, ಉಳಿದದ್ದನ್ನು ಕೊನೆಯವರೆಗೆ ತನ್ನ ಹೆಸರಿನಲ್ಲೇ ಇಟ್ಟುಕೊಂಡಳು.

ಕೊನೆಗೆ ಬೋಗುಣಿಯ ವಿಷಯ. ತಾಯಿಯ ಪ್ರಕರಣ ಮುಗಿದರೂ ಮನೆಯಲ್ಲಿ ಇನ್ನೊಬ್ಬ ಹಿರಿಯ ಉಳಿದಿದ್ದ, ಎರಡನೆಯ ಗಂಡ. ಅವನ ಊಟ ಯಾರ ಹೊಣೆ? ಕುಟುಂಬದ ಪತ್ರಗಳಲ್ಲಿ ಇದಕ್ಕೂ ಒಂದು ಏರ್ಪಾಡು ಇದೆ. ಕಂಚಿನ ಬೋಗುಣಿ ಪಡೆದ ಮಗನೇ ತಂದೆಗೆ ಎರಡೂ ಮುಕ್ಕಾಲು ಮೂಟೆ ಧಾನ್ಯ ಕೊಡುತ್ತೇನೆ ಎಂದು ಒಪ್ಪಿಕೊಂಡ. ಕೆಲಸಗಾರನ ತಿಂಗಳ ಸಂಬಳ ಐದೂವರೆ ಮೂಟೆ ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ ಅವನು ಹೊತ್ತ ಹೊರೆ ಎಷ್ಟೆಂದು ತಿಳಿಯುತ್ತದೆ. ತಂದೆಯ ಧಾನ್ಯ ನಿಲ್ಲಿಸಿದರೆ ತನಗೆ ಬಂದ ಬಹುಮಾನ ತನ್ನಿಂದ ಹೋಗಲಿ ಎಂದು ಅಮುನ್ ದೇವರ ಮೇಲೂ ಅರಸನ ಮೇಲೂ ಆಣೆಯಿಟ್ಟ. ತಾಯಿ ಮೆಚ್ಚಿ ಕೊಟ್ಟಿದ್ದ ಬೋಗುಣಿಗೆ ಈಗ ತಂದೆಯ ಊಟದ ಷರತ್ತು ಸೇರಿತು, ಅದೂ ಬರವಣಿಗೆಯಲ್ಲಿ.